ಮಡ್ಡಿ ಹೊಲದ ಪುಂಡಿ

“ಅಡ್ಡ ನಿಂದರಬ್ಯಾಡ, ಸರಿ! ನನ್ನ ಹೊಲಕ್ಕ ನಾ ಹೋಗಾಕ ನಿನ್ನ ಹುಕುಂ ಬೇಕೇನೋ?”

“ಬ್ಯಾಡಂದ್ರ ಬ್ಯಾಡ! ಎಷ್ಟು ಸಲ ಹೇಳಬೇಕು ನಿನಗ?”

“ದನಿ ಏರಿಸಬ್ಯಾಡ ಮಾಳಿಂಗ. ನಿಮ್ಮಪ್ಪ ಸುದ್ದಾ ನನ್ನ ಮ್ಯಾಲ ಹಿಂಗ ದನಿ ಏರಿಸಿಲ್ಲ.”

“ಅವ ಏರಿಸಿದ್ದರ ನೀ ಹಿಂಗ ಆಗತಿರಲಿಲ್ಲ!”

ಮಾತು ಬಾಯಿಂದ ಬಿದ್ದ ಮೇಲೆ ಮಾಳಿಂಗನಿಗೆ ತಾನು ಏನಂದೆ ಎಂಬುದು ತಿಳಿಯಿತು. ಆದರೂ ಬಾಗಿಲ ಚೌಕಟ್ಟಿಗೆ ಹಿಡಿದ ಕೈ ತೆಗೆಯಲಿಲ್ಲ. ಎದುರಿಗೆ ಎಪ್ಪತ್ತು ದಾಟಿದ ತಾಯಿ ಮಲ್ಕಮ್ಮ, ಒಂದು ಕೈಯಲ್ಲಿ ಬಡಿಗೆ, ಇನ್ನೊಂದು ಕೈಯಲ್ಲಿ ಅರಿವೆ ಚೀಲ ಹಿಡಿದು ನಿಂತಿದ್ದಳು. ಒಲೆಯ ಮುಂದೆ ಕೂತ ಹೆಂಡತಿ ಮಲ್ಲಿಕಾ ರೊಟ್ಟಿ ಬಡಿಯುವ ಸಪ್ಪಳವನ್ನು ಬೇಕೆಂದೇ ಜೋರು ಮಾಡಿದಳು. ಕಮಲಾಪುರದ ಆ ಓಣಿಯಲ್ಲಿ ಗೋಡೆಗೆ ಗೋಡೆ ಹತ್ತಿಕೊಂಡಿವೆ. ಒಂದು ಮನೆಯ ಜಗಳ ನಾಲ್ಕು ಮನೆಗೆ ಕೇಳುತ್ತದೆ.

“ಹೊಲದಾಗ ಹಂದಿ ಬರ್ತಾವ ಅಂದಿ. ತಂತಿ ಕಟ್ಟೀನಿ ಅಂದಿ. ಆತು,” ಅಂದಳು ಮಲ್ಕಮ್ಮ. “ತೊಗರಿ ನಡುವ ಪುಂಡಿ ಹಾಕೀನಿ ಅಂತ ಊರ ತುಂಬ ಹೇಳ್ಕೋತ ತಿರಗತಿ. ಒಂದು ದಿನ ಒಂದು ಎಲಿ ಮನಿಗಿ ಬಂದಿಲ್ಲ. ನಿನ್ನೆ ಸಂಘದಾಗ ಹೆಣಮಕ್ಕಳು ಪುಂಡಿ ಕೇಳಿದ್ರಂತ, ಬಾಯಿ ಮುಚಗೊಂಡು ಬಂದಿ. ಪುಂಡಿಪಲ್ಲೆ ಮುಚ್ಚಿಡೋ ಜಿಪುಣ ನಮ್ಮ ವಂಶದಾಗ ಹುಟ್ಟಿರಲಿಲ್ಲೋ, ನೀ ಹುಟ್ಟಿದಿ!”

ಆ ಸೀಮೆಯಲ್ಲಿ ತೊಗರಿ ಮಾರುತ್ತಾರೆ, ಜೋಳ ಮಾರುತ್ತಾರೆ. ಆದರೆ ಹೊಲದಲ್ಲಿ ಬೆಳೆದ ಪುಂಡಿಯ ಹುಳಿ ಸೊಪ್ಪನ್ನು ನೆರೆಯವರು ಕೇಳಿದರೆ ಇಲ್ಲ ಅನ್ನುವುದಿಲ್ಲ. ಕೇಳಿದವರ ಉಡಿಗೆ ಒಂದು ಹಿಡಿ ಹಾಕಿಯೇ ಕಳಿಸಬೇಕು. ಅಂಥದ್ದರಲ್ಲಿ ಕೇಳಿದರೂ ಮಗ ಪುಂಡಿ ಕೊಡಲಿಲ್ಲ ಅನ್ನುವ ಮಾತು ಮುದುಕಿಗೆ ಮೈಮೇಲೆ ಕೆಂಡ ಬಿದ್ದಂತಾಗಿತ್ತು.

ಮಾಳಿಂಗ ಅವಳ ಕೈಯಿಂದ ಚೀಲ ಕಸಿದು ಮೂಲೆಗೆ ಒಗೆದ. “ನಾನೇ ತಂದು ಕೊಡ್ತೀನಿ. ಸುಮ್ಮ ಕುಂದ್ರು,” ಅಂದು ಹೊರಗೆ ನಡೆದ. ತರುವ ಮನಸ್ಸು ಅವನಿಗಿರಲಿಲ್ಲ.

ಇರಲಿಲ್ಲ, ಯಾಕೆಂದರೆ ಮಡ್ಡಿ ಹೊಲದ ಅಂಚಿಗೆ ಇದ್ದದ್ದು ಒಂದೇ ಸಾಲು ಪುಂಡಿ. ಅದರ ಒಳಗೆ, ತೊಗರಿಯ ನಡುವೆ, ಎದೆಯುದ್ದ ನಿಂತದ್ದು ಗಾಂಜಾ.

ಮಾಳಿಂಗನಿಗೆ ಸಾಲ ಇರಲಿಲ್ಲ. ಹೊಟ್ಟೆಗೆ ಕಡಿಮೆ ಇರಲಿಲ್ಲ. ಕೆಳಗಿನ ಎರಡೆಕರೆ ಕರಿ ನೆಲ ಚೆನ್ನಾಗಿ ಬೆಳೆಯುತ್ತಿತ್ತು. ಅವನಿಗೆ ಇದ್ದದ್ದು ಆಸೆ. ಹೋದ ಬೇಸಿಗೆಯಲ್ಲಿ ಅವನ ಷಡ್ಡಕ ಕಲಬುರಗಿಯ ಖೂಬಾ ಪ್ಲಾಟಿನಲ್ಲಿ ಮನೆ ಕಟ್ಟಿಸಿದ್ದ. ಗೃಹಪ್ರವೇಶಕ್ಕೆ ಹೋದಾಗ ಹೊಸ ಫರಸಿಯ ಮೇಲೆ ಮಾಳಿಂಗನ ಕಾಲು ಜಾರಿ, ಕೈಯಲ್ಲಿದ್ದ ಹುಗ್ಗಿಯ ತಾಟು ಸಹಿತ ಕೂತುಬಿಟ್ಟ. “ಮಡ್ಡಿ ಮ್ಯಾಲ ನಡದ ಕಾಲು, ಫರಸಿ ಮ್ಯಾಲ ಹೆಂಗ ನಿಂದರಬೇಕು!” ಎಂದು ಯಾರೋ ಅಂದರು. ಎಲ್ಲರೂ ನಕ್ಕರು. ಆ ನಗು ಅವನ ಕಿವಿಯಿಂದ ಹೊರಗೆ ಹೋಗಲೇ ಇಲ್ಲ. ಅವತ್ತು ಜಾರಿದ್ದು ಕಾಲು ಮಾತ್ರ ಆಗಿದ್ದರೆ ಈ ಕಥೆ ಬರೆಯುವ ಗರಜು ಬೀಳುತ್ತಿರಲಿಲ್ಲ.

ತಿರುಗಿ ಬರುವಾಗ ಸ್ಟೇಶನ್ ಬಜಾರದ ಒಂದು ಚಹಾದಂಗಡಿಯಲ್ಲಿ ಚಂದ್ರಶಾ ಅನ್ನುವವ ಗಂಟು ಬಿದ್ದ. ಚಹಾ ಕುಡಿಸಿದ. ಬೀಜದ ಪುಡಿಕೆ ಕೊಟ್ಟ.

“ಗುಡ್ಡದ ಮ್ಯಾಲಿನ ಹೊಲ ಅಂತಿ. ಅಲ್ಲಿ ಯಾವ ಮಗ ಬರ್ತಾನೋ? ತೊಗರಿ ನಡುವ ಹಾಕು. ಯಾರರ ಕೇಳಿದ್ರ ಪುಂಡಿ ಅನ್ನು. ಎಲಿ ನೋಡಿದ್ರ ಅಪ್ಪಟ ಪುಂಡಿನೇ.”

ಜೂನ್ ತಿಂಗಳ ಮಿರಗದ ಮಳೆಗೆ ಮಾಳಿಂಗ ಬಿತ್ತಿದ. ಬಿತ್ತಿದ ದಿನದಿಂದಲೇ ಅವನ ಬಾಳು ಕಳ್ಳನ ಬಾಳಾಯಿತು. ಪ್ರತಿ ವರ್ಷ ಕಳೆ ತೆಗೆಯಲು ಓಣಿಯ ಹೆಣ್ಣುಮಕ್ಕಳು ಹಾಡುತ್ತಾ ಬರುತ್ತಿದ್ದರು. ಈ ಸಲ ಯಾರನ್ನೂ ಕರೆಯಲಿಲ್ಲ. ಒಬ್ಬನೇ ಬಗ್ಗಿ ಬಗ್ಗಿ ಸೊಂಟ ಹಿಡಿಸಿಕೊಂಡ. ಆಷಾಢದಲ್ಲಿ ಮಳೆ ಕೈಕೊಟ್ಟಾಗ ಹೆಗಲ ಮೇಲೆ ಕ್ಯಾನು ಹೊತ್ತು ಗುಡ್ಡ ಹತ್ತಿದ. ಕೆಳಗಿನ ಹೊಲದ ತೊಗರಿ ಬಾಡುತ್ತಿದ್ದರೂ ಅತ್ತ ನೋಡಲಿಲ್ಲ. ದೂರದಲ್ಲಿ ಒಂದು ಮೋಟಾರ್ ಸೈಕಲ್ ಸದ್ದಾದರೆ ಸಾಲಿನ ನಡುವೆ ಕುಕ್ಕರುಗಾಲಲ್ಲಿ ಕೂತುಬಿಡುತ್ತಿದ್ದ. ಅಪ್ಪನ ಕಾಲದಿಂದ ಆ ಮಡ್ಡಿಯ ಮೇಲೆ ಆಡು ಮೇಯಿಸುತ್ತಿದ್ದ ನಬಿಸಾಬ್ ಒಂದು ದಿನ, “ಮಾಳಿಂಗಪ್ಪ, ಹಂದಿ ಕಾಟ ಇದ್ರ ಹೇಳು, ನಾನೂ ಒಂದೆರಡು ದಿನ ಕಾಯ್ತೀನಿ,” ಎಂದು ಒಳ್ಳೆಯ ಮನಸ್ಸಿನಿಂದ ಹತ್ತಿರ ಬಂದ. ಮಾಳಿಂಗ ಕಲ್ಲು ಬೀಸಿದ. ಕಲ್ಲು ಆಡಿಗೆ ತಾಗಿತು. ನಬಿಸಾಬ್ ಕುಂಟುವ ಆಡನ್ನು ಎತ್ತಿಕೊಂಡು ಇಳಿದು ಹೋದ. ಅವತ್ತಿನಿಂದ ಮಾಳಿಂಗ ಊರಲ್ಲಿ ಅವನ ಎದುರು ಬಂದರೆ ಹಾದಿ ಬದಲಿಸುತ್ತಿದ್ದ.

ಗಿಡ ಬಲಿತಂತೆ ವಾಸನೆ ಬಂತು. ಹಳ್ಳದಲ್ಲಿ ಎರಡೆರಡು ಸಲ ಸೋಪು ಹಚ್ಚಿ ಮಿಂದು ಮನೆಗೆ ಬಂದರೂ ಏಳು ವರ್ಷದ ಮಗಳು ಭಾಗ್ಯಜ್ಯೋತಿ ಮೂಗು ಮುಚ್ಚಿಕೊಳ್ಳುತ್ತಿದ್ದಳು. “ಅಪ್ಪಾ, ನಿನ್ನ ಅಂಗಿ ನಾರ್ತದ. ನಾ ಆಯಿ ಬಲ್ಲಿ ಮಲಗ್ತೀನಿ,” ಎಂದು ಅಜ್ಜಿಯ ಮಗ್ಗುಲಿಗೆ ಓಡುತ್ತಿದ್ದಳು. ಕರೋನಾ ಬಂದು ಹೋದಾಗಿನಿಂದ ಮಲ್ಕಮ್ಮನಿಗೆ ಮಾತ್ರ ಯಾವ ವಾಸನೆಯೂ ಹತ್ತುತ್ತಿರಲಿಲ್ಲ. ಕಣ್ಣಿಗೂ ಪೊರೆ ಬಂದಿತ್ತು.

ಜಗಳದ ಹಿಂದಿನ ದಿನ, ಗುರುವಾರ, ಅಂಗನವಾಡಿಯ ಅಂಗಳದಲ್ಲಿ ಮಹಿಳಾ ಸಂಘದ ಸಭೆ ಇತ್ತು. ಆಶಾ ಕಾರ್ಯಕರ್ತೆ ಅಕ್ಬರಿ ಬೇಗಂ ಮಾತಾಡುತ್ತಿದ್ದಳು. ಅವಳು ಮಾಳಿಂಗನ ಪಕ್ಕದ ಮನೆಯವಳೇ. ಭಾಗ್ಯಜ್ಯೋತಿಗೆ ಮೊದಲ ಲಸಿಕೆ ಹಾಕಿಸಿದವಳೂ ಅವಳೇ. ತಾಲೂಕು ಕಚೇರಿಯ ತರಬೇತಿಗೆ ಹೋಗಿ ಬಂದು, ಗಾಂಜಾ ಬೆಳೆಯುವುದರ ಬಗ್ಗೆ ಹೇಳುತ್ತಿದ್ದಳು. ಮಲ್ಲಿಕಾಳನ್ನು ಕರೆಯಲು ಬಂದ ಮಾಳಿಂಗ ಬೇಲಿಗೆ ಆತು ನಿಂತ. ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಅಪರಾಧ ಇದ್ದವನ ಬಾಯಿ ಸುಮ್ಮನಿರುವುದಿಲ್ಲ.

“ಆಪಾ, ಸಾಧುಗೋಳು ಸೇದ್ತಾರ. ಅವರೇನು ಸತ್ತಾರೇನ್ರೀ?”

“ಸಾಧುಗೋಳ ಮನ್ಯಾಗ ಶಾಲಿಗಿ ಹೋಗೋ ಮಕ್ಕಳಿಲ್ಲ ಭಾಯಿ. ನಮ್ಮ ಮನ್ಯಾಗ ಅವ. ಇಲ್ಲಿ ಬೆಳೆದಿದ್ದು ಸಾಧು ಕೈಗಿ ಹೋಗಂಗಿಲ್ಲ, ಕಲಬುರಗಿ ಕಾಲೇಜಿನ ಹುಡುಗರ ಕೈಗಿ ಹೋಗ್ತದ. ಓದು ಬಿಟ್ಟು, ತಲಿ ಕೆಟ್ಟು ಕುಂತವರನ್ನ ನಾ ಕಣ್ಣಾರೆ ನೋಡೀನಿ.”

“ಒಂದೆರಡು ಗಿಡಕ್ಕ ಏನಾಗ್ತದ?”

“ಇಷ್ಟು ಗಿಡದ ತನಕ ಮಾಫಿ ಅಂತ ಕಾಯ್ದೆದಾಗ ಎಲ್ಲೂ ಬರದಿಲ್ಲ. ಬೆಳೆದ್ರ ಹತ್ತು ವರ್ಷದ ತನಕ ಕಠಿಣ ಜೈಲು, ಒಂದು ಲಕ್ಷದ ತನಕ ದಂಡ.”

“ಗುಡ್ಡದಾಗ ಹಾಕಿದ್ರ ಯಾರು ನೋಡ್ತಾರ್ರೀ?”

“ಈಗ ಡ್ರೋನ್ ಹಾರಿಸ್ತಾರ. ಸಿಕ್ಕ ಮ್ಯಾಲ ಮೊದಲು ಪಹಣಿ ತೆಗಸ್ತಾರ. ಪಹಣಿದಾಗ ಯಾರ ಹೆಸರದ, ಪೊಲೀಸರು ಮೊದಲು ಅವರ ಬಾಗಿಲಿಗಿ ಬರ್ತಾರ. ಹೊಲದವರು ಗೊತ್ತಿದ್ದೂ ಮುಚ್ಚಿಟ್ರ ಅವರ ಮ್ಯಾಲೂ ಕೇಸು.”

ಮಡ್ಡಿ ಹೊಲದ ಪಹಣಿ ಇದ್ದದ್ದು ತಾಯಿ ಮಲ್ಕಮ್ಮನ ಹೆಸರಿನಲ್ಲಿ. ಅದು ಅವಳಿಗೆ ತವರಿನವರು ಅರಿಶಿನ-ಕುಂಕುಮಕ್ಕೆಂದು ಕೊಟ್ಟ ಹೊಲ.

ಅಕ್ಬರಿ ಬೇಗಂ ಕಣ್ಣು ಸಣ್ಣ ಮಾಡಿದಳು. “ಯಾಕ ಭಾಯಿ, ವಕೀಲನಂಗ ಇಷ್ಟು ಸವಾಲು ಕೇಳ್ತಿ? ನಿನ್ನ ಹೊಲದಾಗ ಏನರ ಅದ ಏನು?”

“ನಮ್ಮ ಹೊಲದಾಗ ಪುಂಡಿ ಅದ!” ಅಂದ ಮಾಳಿಂಗ, ಬೇಕಾದದ್ದಕ್ಕಿಂತ ಜೋರಾಗಿ.

“ಹಂಗಾದ್ರ ನಾಳೆ ಒಂದೊಂದು ಕಟ್ಟು ತಂದು ಕೊಡೋ ಮಾಳಿಂಗಣ್ಣ!” ಎಂದು ಹೆಣ್ಣುಮಕ್ಕಳು ಕೂಗಿ ನಕ್ಕರು. ಅವನು ಬೆನ್ನು ತಿರುಗಿಸಿ ನಡೆದುಬಿಟ್ಟ. ಹದಿನೈದು ದಿನ, ಇನ್ನು ಹದಿನೈದೇ ದಿನ, ಕೊಯ್ದು ಕೊಟ್ಟು ಕೈ ತೊಳಕೊಂಡುಬಿಡ್ತೀನಿ ಎಂದು ತನಗೆ ತಾನೇ ಹೇಳಿಕೊಂಡ. ಅವತ್ತು ಸಂಜೆಯೇ ಅಕ್ಬರಿ ಬೇಗಂಳ ಮನೆಗೆ ಹೋಗಿ “ಆಪಾ, ತಪ್ಪು ಮಾಡೀನಿ” ಅಂದಿದ್ದರೆ ಮುಂದಿನದು ನಡೆಯುತ್ತಿರಲಿಲ್ಲ. ಹೋಗಲಿಲ್ಲ.

ಶನಿವಾರ ಮುಂಜಾನೆ ಅವನು ಚಂದ್ರಶಾನನ್ನು ಕಾಣಲು ಕಲಬುರಗಿ ಬಸ್ಸು ಹತ್ತಿದ. ಮಲ್ಲಿಕಾ ಬಾಳೆ ತೋಟಕ್ಕೆ ಕೂಲಿಗೆ ಹೋದಳು. ಮಲ್ಕಮ್ಮ ಮೂಲೆಯಲ್ಲಿ ಬಿದ್ದಿದ್ದ ಚೀಲ ಎತ್ತಿಕೊಂಡು, ಬಡಿಗೆ ಊರಿಕೊಂಡು, ಗುಡ್ಡ ಹತ್ತಿದಳು. ತಂತಿ ಎಲ್ಲಿದೆಯೋ ಎಂದು ಬಡಿಗೆಯಿಂದ ತಡವುತ್ತ ಹೋದಳು. ತಂತಿ ಇರಲೇ ಇಲ್ಲ. ಅಂಚಿನ ಸಾಲಿನಲ್ಲಿ ಒಂದಿಷ್ಟು ಹರಿದಳು, ಒಳಗಿನ ಸಾಲು ಕೈಗೆ ಎಳೆಯದಾಗಿ ಹತ್ತಿತು, ಅದರದ್ದೂ ಚಿಗುರು ಹರಿದಳು. ಇಳಿದು ಬಂದು, ಅಕ್ಬರಿ ಬೇಗಂಳ ಮನೆ ಬಾಗಿಲಿಗೆ ಒಂದು ಹಿಡಿ ಕೊಟ್ಟು, “ತಗೋಳವ್ವ, ನನ್ನ ಮಗ ಜಿಪುಣ ಅಲ್ಲ,” ಅಂದಳು. ಉಳಿದದ್ದಕ್ಕೆ ಜೋಳದ ನುಚ್ಚು, ಬೆಳ್ಳುಳ್ಳಿ, ಹಸಿ ಮೆಣಸಿನಕಾಯಿ ಹಾಕಿ ಕುದಿಸಿ, ಎಣ್ಣೆ ಒಗ್ಗರಣೆ ಕೊಟ್ಟಳು.

ಶನಿವಾರ ಮುಂಜಾನೆಯ ಶಾಲೆ. ಭಾಗ್ಯಜ್ಯೋತಿ ಹಸಿದು ಬಂದಳು. ಮಲ್ಕಮ್ಮನದು ಶನಿವಾರದ ಒಂದೊತ್ತು, ಸಂಜೆಯ ತನಕ ಬಾಯಿಗೆ ಏನೂ ಹಾಕುವುದಿಲ್ಲ. ಮೊಮ್ಮಗಳಿಗೆ ತಾನೇ ತುತ್ತು ಮಾಡಿ ಮಾಡಿ ಎರಡು ರೊಟ್ಟಿ ಉಣಿಸಿದಳು.

ಎರಡು ತಾಸಿನ ಮೇಲೆ ಮಗು ಸುಮ್ಮಸುಮ್ಮನೆ ನಗತೊಡಗಿತು. ಆಮೇಲೆ ಗೋಡೆ ಹತ್ತಿರ ಬರ್ತದ ಎಂದು ಚೀರಿತು. ವಾಂತಿ ಮಾಡಿಕೊಂಡಿತು. ಕಣ್ಣು ಕೆಂಪಾಗಿ ಮೇಲೆ ಸಿಕ್ಕವು. ಕರೆದರೆ ಓಗೊಡಲಿಲ್ಲ. ಮಲ್ಕಮ್ಮನ ಕೂಗು ಕೇಳಿ ಅಕ್ಬರಿ ಬೇಗಂ ಓಡಿ ಬಂದು 108ಕ್ಕೆ ಫೋನು ಹಚ್ಚಿದಳು. ಕಮಲಾಪುರದ ಆಸ್ಪತ್ರೆಯವರು ನೋಡಿ, ಕಲಬುರಗಿಗೇ ಒಯ್ಯಿರಿ ಅಂದರು.

ಸುದ್ದಿ ತಲುಪಿದಾಗ ಮಾಳಿಂಗ ಸ್ಟೇಶನ್ ಬಜಾರದಲ್ಲಿ ಚಂದ್ರಶಾನ ಎದುರು ಚಹಾ ಕುಡಿಯುತ್ತಿದ್ದ. ಚಹಾದ ಬಸಿ ಅಲ್ಲೇ ಬಿಟ್ಟು ಆಟೊ ಹಿಡಿದ. ದೊಡ್ಡ ಆಸ್ಪತ್ರೆಯ ವರಾಂಡದಲ್ಲಿ ಮಲ್ಲಿಕಾ ಅತ್ತೆಯ ಮೇಲೆ ಹಾಯ್ದಿದ್ದಳು.

“ಏನು ತಿನಿಸಿದಿ ನನ್ನ ಕೂಸಿಗಿ? ಕಣ್ಣು ಕಾಣದಾಕಿ ಮನಿಗಿ ಸುಮ್ಮ ಕುಂದ್ರಬಾರದೇನು?”

ಮಲ್ಕಮ್ಮ ನೆಲಕ್ಕೆ ಕೂತು, ತನ್ನ ಎರಡೂ ಕೈ ನೋಡಿಕೊಳ್ಳುತ್ತಿದ್ದಳು. “ಪುಂಡಿ ಯವ್ವ. ನಮ್ಮ ಹೊಲದ ಪುಂಡಿ. ಬ್ಯಾರೆ ಏನೂ ಹಾಕಿಲ್ಲ.”

ಡಾಕ್ಟರು ಅನುರಾಧಾ ಹೊರಗೆ ಬಂದರು. “ಮಗೂನ ತಂದೆ ಯಾರ್ರೀ? ಲಗೂ ಹೇಳ್ರಿ. ಸೊಪ್ಪಿಗೆ ಕೀಟನಾಶಕ ಏನರ ಹೊಡದಿದ್ರೇನು? ಮದಗುಣಕಿ ಎಲಿ, ಅಂದ್ರ ದತ್ತೂರಿ, ಕೂಡಿತ್ತೇನು? ಒಂದೊಂದಕ್ಕ ಒಂದೊಂದು ಔಷಧ. ತಪ್ಪು ಔಷಧ ಕೊಟ್ರ ಮಗೂಗೆ ಅಪಾಯ.”

ಮಾಳಿಂಗನಿಗೆ ಗೊತ್ತಿತ್ತು. ಪುಂಡಿ ಎಂಬ ಮಾತು ಕಿವಿಗೆ ಬಿದ್ದ ಕ್ಷಣದಲ್ಲೇ ಗೊತ್ತಾಗಿತ್ತು. ಬಾಯಿ ತೆರೆದ. ಬಾಗಿಲ ಬಳಿ ಪೊಲೀಸ್ ಪೇದೆಯೊಬ್ಬ ಕೂತಿದ್ದ. ಮಾಳಿಂಗನ ಬಾಯಿಂದ ಬಂದದ್ದು ಈ ಮಾತು:

“ನಮ್ಮವ್ವಗ ಕಣ್ಣು ಕಾಣಂಗಿಲ್ರೀ ಮೇಡಂ. ಯಾವದೋ ಕಾಡುಸೊಪ್ಪು ಹರಕೊಂಡು ಬಂದಾಳ.”

ಮಲ್ಕಮ್ಮ ತಲೆ ಎತ್ತಿ ಮಗನ ದನಿ ಬಂದ ಕಡೆ ನೋಡಿದಳು. ನಂಬಿದಳು. ಮಗ ಹೇಳಿದ ಮೇಲೆ ಖರೆ ಇರಬೇಕು ಎಂದು ನಂಬಿ, ಬಲಗೈಯನ್ನು ಗೋಡೆಗೆ ಬಡಿದುಕೊಂಡಳು. ಒಂದು ಸಲ, ಎರಡು ಸಲ, ಗೆಣ್ಣಿನ ತೊಗಲು ಸುಲಿಯುವ ತನಕ. ಮಾಳಿಂಗ ನೋಡುತ್ತ ನಿಂತ. ಮುಕ್ಕಾಲು ತಾಸು ಹಾಗೇ ನಿಂತ. ಒಳಗೆ ಮಗಳ ಎದೆ ಓಡುತ್ತಿತ್ತು, ಹೊರಗೆ ತಾಯಿ ತನ್ನ ಕಣ್ಣಿಗೆ ತಾನೇ ಶಾಪ ಹಾಕಿಕೊಳ್ಳುತ್ತಿದ್ದಳು. ನಡುವೆ ಇವನು ಗಂಡಸು ಅನಿಸಿಕೊಂಡವನು, ಗೋಡೆಯ ಮೇಲಿನ ಪೋಲಿಯೊ ಚಿತ್ರ ನೋಡುತ್ತಿದ್ದ.

ಅಕ್ಬರಿ ಬೇಗಂ ಬಸ್ಸಿನಲ್ಲಿ ಹಿಂದಿನಿಂದ ಬಂದಳು. ಆಂಬುಲೆನ್ಸು ಹೊರಟ ಮೇಲೆ, ಮುದುಕಿ ಬಾಗಿಲಿಗೆ ಬಂದು ಕೊಟ್ಟಿದ್ದ ಹಿಡಿ ಸೊಪ್ಪನ್ನು ಬೆಳಕಿಗೆ ಹಿಡಿದು ನೋಡಿದ್ದಳು, ಅದು ಈಗ ಅವಳ ಕೈಚೀಲದಲ್ಲಿತ್ತು. ಅದರಿಂದ ಒಂದು ಎಲೆ ತೆಗೆದು ಮಾಳಿಂಗನ ಮೂಗಿನ ಮುಂದೆ ಹಿಡಿದಳು.

“ಇದು ಪುಂಡಿ ಏನೋ?”

ಅವನು ಮುಖ ಹೊರಳಿಸಿದ.

“ನಾ ನಿನ್ನ ಮಗಳನ್ನ ಹುಟ್ಟಿದ ದಿನ ಎತ್ತಿಕೊಂಡಾಕಿ. ನನ್ನ ಮುಂದ ಬ್ಯಾಡ, ಡಾಕ್ಟರ್ ಮುಂದ ಹೇಳು. ಪೊಲೀಸಗ ಅಂಜತಿ, ಕೂಸಿಗಿ ಅಂಜಂಗಿಲ್ಲೇನು? ನಡಿ!”

ಅವನು ನಡೆದ. ಎಲ್ಲರ ಮುಂದೆ, ಪೇದೆಯ ಮುಂದೆ, ಹೆಂಡತಿಯ ಮುಂದೆ ಹೇಳಿದ. “ಗಾಂಜಾ ಅದರೀ. ನಾನೇ ಹಾಕೀನಿ. ನಮ್ಮವ್ವಗ ಪುಂಡಿ ಅಂತ ಸುಳ್ಳು ಹೇಳಿದ್ದೆ.”

ಡಾಕ್ಟರು ಒಂದು ಕ್ಷಣ ಅವನನ್ನು ನೋಡಿದರು. “ಕೀಟನಾಶಕಕ್ಕ ಕೊಡೋ ಸೂಜಿ ತುಂಬಿಸಿ ಇಟ್ಟಿದ್ದೆ,” ಅಂದು ಒಳಗೆ ಓಡಿದರು.

ಮಲ್ಲಿಕಾ ಅತ್ತೆಯ ಕಾಲಿಗೆ ಬಿದ್ದು ಅತ್ತಳು. ಮಲ್ಕಮ್ಮ ಅವಳ ತಲೆ ಸವರಿದಳು. ಮಗನ ಕಡೆ ತಿರುಗಲಿಲ್ಲ.

ಮರುದಿನ ಮುಂಜಾನೆ ಭಾಗ್ಯಜ್ಯೋತಿ ಕಣ್ಣು ತೆರೆದು, “ಆಯಿ, ನೀರು,” ಅಂದಳು. ಆ ದನಿ ಕೇಳಿದ ಮೇಲೆ ಮಾಳಿಂಗ ತಾನಾಗಿಯೇ ಪೇದೆಯ ಹತ್ತಿರ ಹೋಗಿ, “ನಡ್ರಿ, ಹೊಲ ತೋರಿಸ್ತೀನಿ,” ಅಂದ.

ಗುಡ್ಡದ ಮೇಲೆ ಪಂಚನಾಮೆ ನಡೆಯಿತು. ಅರ್ಧ ಊರು ಬಂದು ನಿಂತಿತ್ತು. ಪಂಚರಲ್ಲಿ ಒಬ್ಬ ನಬಿಸಾಬ್. ಪೊಲೀಸರು ಗಿಡ ಕಿತ್ತು ಕಿತ್ತು ಒಟ್ಟುತ್ತಿದ್ದರು, ಪಕ್ಕದ ತೊಗರಿಯೂ ತುಳಿದು ನೆಲ ಸೇರುತ್ತಿತ್ತು. ಪಹಣಿ ತೆಗೆಸಿದ್ದರಿಂದ ಮಲ್ಕಮ್ಮನನ್ನೂ ಕರೆಸಿದ್ದರು. ಜೀವಮಾನದಲ್ಲಿ ಸಾಕ್ಷಿಗೂ ಒಂದು ಠಾಣೆಯ ಮೆಟ್ಟಿಲು ಹತ್ತದವಳು, ಸೆರಗು ತಲೆಯ ಮೇಲೆ ಎಳೆದುಕೊಂಡು, ತನ್ನ ತವರಿನ ಹೊಲದಲ್ಲಿ ಪೊಲೀಸರ ಮುಂದೆ ನಿಂತಳು.

“ಅಜ್ಜೀ, ಹೊಲ ನಿಮ್ಮ ಹೆಸರಿಲೇ ಅದ. ಇದು ಏನು ಗಿಡ ಅಂತ ನಿಮಗ ಗೊತ್ತಿತ್ತೇನು?” ಎಂದು ಸಾಹೇಬರು ಕೇಳಿದರು.

“ಪುಂಡಿ ಅಂತ ಗೊತ್ತಿತ್ತ್ರೀ ಸಾಹೇಬರ. ನನ್ನ ಮಗ ಹೇಳಿದ್ದ.”

ಸಾಹೇಬರು ಬರೆದುಕೊಂಡರು. ಹೆಬ್ಬೆಟ್ಟು ಒತ್ತಿಸಿಕೊಂಡರು. ಮಾಳಿಂಗ ಜೀಪಿನ ಹತ್ತಿರ ನಿಂತಿದ್ದ. ಮಲ್ಕಮ್ಮ ಬಡಿಗೆ ಊರುತ್ತ ಅವನ ಎದುರು ಬಂದು ನಿಂತಳು. ಬೆರಳಿಗೆ ಹತ್ತಿದ ಶಾಯಿ ಸೆರಗಿಗೆ ಒರೆಸಿಕೊಂಡಳು.

“ಗಾಂಜಾ ಹಾಕಿದ್ದಕ್ಕ ಕೋರ್ಟು ನೋಡ್ಕೋತದ. ಅದು ನನಗ ಬ್ಯಾಡ. ನನ್ನ ಕೂಸಿಗಿ ನಾನೇ ವಿಷ ಹಾಕೀನಿ ಅಂತ ಗೋಡಿಗಿ ಕೈ ಬಡಕೊಂಡೆ. ನೀ ಅಲ್ಲೇ ನಿಂತಿದ್ದಿ. ನನ್ನ ಕಣ್ಣಾಗ ಪೊರೆ ಬಂದಾವ ಮಾಳಿಂಗ. ನಿನಗ ಎಲ್ಲಿ ಬಂದಾವ?”

ಅವನು ತಲೆ ತಗ್ಗಿಸಿದ. ನೆಲ ಬಾಯಿ ಬಿಟ್ಟಿದ್ದರೆ ಇಳಿದುಬಿಡುತ್ತಿದ್ದ. ನೆಲ ಬಿಡಲಿಲ್ಲ.

ಮಲ್ಕಮ್ಮ ಗುಡ್ಡ ಇಳಿದಳು. ಕೆಳಗೆ ಹಾದಿ ಎರಡಾಗುತ್ತದೆ. ಎಡಕ್ಕೆ ಹೋದರೆ ಮನೆ, ಬಲಕ್ಕೆ ಹೋದರೆ ಕಲಬುರಗಿ ಬಸ್ಸು ನಿಲ್ಲುವ ದೊಡ್ಡ ರಸ್ತೆ. ಅವಳು ಬಲಕ್ಕೆ ಹೊರಳಿದಳು.

“ಅವ್ವಾ! ಮನಿ ಹಾದಿ ಈ ಕಡಿ!” ಎಂದು ಮಾಳಿಂಗ ಜೀಪಿನಿಂದ ಕೂಗಿದ. ಕಣ್ಣು ಕಾಣದೆ ತಪ್ಪಿದಳು ಎಂದುಕೊಂಡಿದ್ದ. ಅವಳು ತಪ್ಪಿರಲಿಲ್ಲ. ಕೋಟನೂರಿನಲ್ಲಿರುವ ತನ್ನ ಮಗಳ ಮನೆಗೆ ಹೋಗುವ ಬಸ್ಸು ಹತ್ತಿದಳು.

ಮೂರು ತಿಂಗಳ ಮೇಲೆ ಮಾಳಿಂಗನಿಗೆ ಜಾಮೀನು ಸಿಕ್ಕಿತು. ಕೇಸು ಇನ್ನೂ ನಡೆದಿದೆ. ತಾರೀಖಿಗೆ ಕೋರ್ಟಿಗೆ ಹೋದಾಗಲೆಲ್ಲ ಅವನು ಕೋಟನೂರಿಗೂ ಹೋಗುತ್ತಾನೆ. ಮಲ್ಕಮ್ಮ ನೀರು ಕೊಡುತ್ತಾಳೆ, ಮೊಮ್ಮಗಳು ಶಾಲೆಗೆ ಹೋಗುತ್ತಾಳಾ ಎಂದು ಕೇಳುತ್ತಾಳೆ. ಮನೆಗೆ ಬಾ ಅಂದರೆ ಎದ್ದು ಒಳಗೆ ಹೋಗುತ್ತಾಳೆ. ಭಾಗ್ಯಜ್ಯೋತಿ ಇವತ್ತಿಗೂ ತಾಟಿನಲ್ಲಿ ಯಾವ ಸೊಪ್ಪು ಕಂಡರೂ ಮೊದಲು ತಾಯಿಯ ಮುಖ ನೋಡುತ್ತಾಳೆ. ಈಗ ಸಂಘದ ಸಭೆಯಲ್ಲಿ ಮಲ್ಲಿಕಾ ಎದ್ದು ನಿಂತು ಈ ಕಥೆಯನ್ನು ತಾನೇ ಹೇಳುತ್ತಾಳೆ. ಮಾಳಿಂಗ ಬೇಲಿಯ ಹೊರಗೆ ನಿಂತು ಕೇಳುತ್ತಾನೆ, ನಡುವೆ ಬಾಯಿ ಹಾಕುವುದಿಲ್ಲ.

ಅಣ್ಣಗಳಿರಾ, ಅಕ್ಕಗಳಿರಾ, ಇದನ್ನು ಓದಿ ಮಾಳಿಂಗನಿಗೆ ಬೈದು ಸುಮ್ಮನಾಗಬೇಡಿ. ನಿಮ್ಮ ಗುಡ್ಡದ ಹೊಲಕ್ಕೆ ಹೋಗಿ ಎಷ್ಟು ದಿನವಾಯಿತು? ಪಾಲಿಗೆ ಕೊಟ್ಟಿದ್ದೀರಾ? ಮಗನ ಕೈಗೆ ಬಿಟ್ಟಿದ್ದೀರಾ? ನಾಳೆಯೇ ಹೋಗಿ ಸಾಲು ಸಾಲು ನೋಡಿ ಬನ್ನಿ. ಪಹಣಿಯಲ್ಲಿ ಇರುವುದು ನಿಮ್ಮ ಹೆಸರು. ಬೀಜ ಕೊಡುವವನು ಬಂದರೆ ಚಹಾ ಸಹ ಕುಡಿಯಬೇಡಿ. ಗಿಡ ಕಂಡರೆ ಮುಚ್ಚಿಡಬೇಡಿ, 112ಕ್ಕೆ ಇಲ್ಲವೇ 1933ಕ್ಕೆ ಫೋನು ಮಾಡಿ. ಮನೆಯಲ್ಲಿ ಯಾರಿಗಾದರೂ ಚಟ ಹತ್ತಿದ್ದರೆ ಹೊಡೆಯಬೇಡಿ, 14446ಕ್ಕೆ ಕೇಳಿ, ಬಿಡಿಸುವ ದಾರಿ ಹೇಳುತ್ತಾರೆ. ಮಗು ಏನಾದರೂ ತಿಂದು ಬಿದ್ದರೆ ಡಾಕ್ಟರ ಮುಂದೆ ಒಂದು ನಿಮಿಷವೂ ಸುಳ್ಳು ಹೇಳಬೇಡಿ. ಮಾಳಿಂಗ ಮುಕ್ಕಾಲು ತಾಸು ಸುಳ್ಳು ಹಿಡಿದು ನಿಂತ. ಮಗಳು ಉಳಿದದ್ದು ಅವನ ಪುಣ್ಯದಿಂದಲ್ಲ.

ಎಳ್ಳ ಅಮಾವಾಸ್ಯೆ ಬಂತೆಂದರೆ ಎಲ್ಲರ ಹೊಲದಲ್ಲೂ ಭೂಮಿತಾಯಿಗೆ ಎಡೆಯಾಗಿ ಅಡುಗೆಯ ಚರಗ ಚೆಲ್ಲುತ್ತಾರೆ. ಮಡ್ಡಿ ಹೊಲದಲ್ಲಿ ಚರಗ ಚೆಲ್ಲುವ ಕೈ ಮಲ್ಕಮ್ಮನದು. ಎರಡು ಎಳ್ಳ ಅಮಾವಾಸ್ಯೆ ಆದವು. ಮಾಳಿಂಗ ಬುತ್ತಿ ಕಟ್ಟಿಸಿಕೊಂಡು ಹೋಗಿ, ಹಾದಿ ಎರಡಾಗುವಲ್ಲಿ ಸಂಜೆಯ ತನಕ ಕೂತು, ಬುತ್ತಿ ಬಿಚ್ಚದೆ ತಿರುಗಿ ಬಂದ. ಅವಳು ಬರಲಿಲ್ಲ.